ಸೆರಾಮಿಕ್ ಇದ್ದಿಲು ಗ್ರಿಲ್‌ಗೆ ತಾರಸಿಯಲ್ಲಿ ಮೇಜು: ಮರವೇ, ಕಲ್ಲೇ, ಕಬ್ಬಿಣವೇ?

ಬನಶಂಕರಿ_ತಾರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಹಲವು ವರ್ಷ ಅಮೆರಿಕದಲ್ಲಿದ್ದು ಊರಿಗೆ ಮರಳಿದಾಗ ಮನೆಸಾಮಾನಿನ ಜೊತೆ ಒಂದು ಸೆರಾಮಿಕ್ ಇದ್ದಿಲು ಗ್ರಿಲ್ ಕೂಡ ಹಡಗಿನಲ್ಲಿ ಬಂತು. ದೊಡ್ಡ ಮೊಟ್ಟೆಯ ಆಕಾರ, ದಪ್ಪ ಗೋಡೆ, ಹಿಂದೆ ಕೀಲು ಇರುವ ಮುಚ್ಚಳ, ಬುಡದಲ್ಲಿ ಒಂದು ಗಾಳಿಕಿಂಡಿ, ನೆತ್ತಿಯಲ್ಲಿ ಇನ್ನೊಂದು. ಭಾವನ ಅಪಾರ್ಟ್‌ಮೆಂಟಿನಲ್ಲಿ ಇದ್ದಿಲು ಹಚ್ಚಲು ಅನುಮತಿ ಇಲ್ಲ, ಹಾಗಾಗಿ ಅದು ನಮ್ಮ ಮನೆಯ ತಾರಸಿಗೆ ಬಂದಿದೆ. ತೂಕ ಸುಮಾರು 75 ಕಿಲೋ. ನಾಲ್ವರು ಸೇರಿ ಮುಚ್ಚಳ ಬಿಚ್ಚಿ ಎರಡು ಮಹಡಿ ಹತ್ತಿಸಿದೆವು.

ಸದ್ಯಕ್ಕೆ ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿದೆ. ಅಮ್ಮನಿಗೆ ಇದರ ಮೇಲೆ ವಿಪರೀತ ಪ್ರೀತಿ, ಆದರೆ ಪ್ರತಿಸಲ ಬಗ್ಗಬೇಕು, ಪಾತ್ರೆ ಇಡಲು ಜಾಗವಿಲ್ಲ. ಅವರಿಗೆ ಸರಿಹೊಂದುವ ಒಂದು ಮೇಜು ಮಾಡಿಸಲೇಬೇಕು ಎಂದು ತೀರ್ಮಾನಿಸಿದ್ದೇನೆ.

ನನ್ನ ಯೋಜನೆ: 5 ಅಡಿ ಉದ್ದ, 2.5 ಅಡಿ ಅಗಲ. ಮೇಲೆ ತೇಗದ ಹಲಗೆ, ಅದರಲ್ಲಿ ಗುಂಡಗಿನ ರಂಧ್ರ. ಕೆಳಗೆ ಮರೈನ್ ಪ್ಲೈವುಡ್ ಹಲಗೆ, ಅದರ ಮೇಲೆ ಗ್ರಿಲ್ ಕೂರುತ್ತದೆ. ಸುಡಬಾರದೆಂದು ಪ್ಲೈವುಡ್ ಮೇಲೆ ಒಂದು ಟೈಲ್ ಅಂಟಿಸುತ್ತೇನೆ. ನಾಲ್ಕು ಚಕ್ರ. ಮೇಲುಹೊದಿಕೆ ಇಲ್ಲದ ತಾರಸಿ, ಮಳೆ ಬಿಸಿಲು ಎರಡೂ ನೇರ ಬೀಳುತ್ತವೆ. ತಪ್ಪಿದ್ದರೆ ಈಗಲೇ ಹೇಳಿ, ಮರ ಇನ್ನೂ ತಂದಿಲ್ಲ.

ಗಾಂಧಿಬಜಾರ್

ಮರ ತರದಿದ್ದದ್ದು ಒಳ್ಳೆಯದಾಯಿತು.

ಹೊಗೆ_ಇದ್ದಿಲು

ಪ್ಲೈವುಡ್ ಬೇಡ. ದಯವಿಟ್ಟು ಬೇಡ. ನಾನು ಇದನ್ನೇ ಮಾಡಿದ್ದೆ.

ನಮ್ಮದೂ ಇದೇ ಅಳತೆಯ ಗ್ರಿಲ್. ಮೇಜು ಮಾಡಿಕೊಟ್ಟವರು "ಟೈಲ್ ಹಾಕಿದ್ದೇವೆ, ಏನೂ ಆಗುವುದಿಲ್ಲ" ಎಂದು ಭರವಸೆ ಕೊಟ್ಟಿದ್ದರು. ಆರೇಳು ತಿಂಗಳು ಏನೂ ಆಗಲಿಲ್ಲ. ಒಂದು ಭಾನುವಾರ ಕುರಿಯ ತೊಡೆಯನ್ನು ಸಣ್ಣ ಉರಿಯಲ್ಲಿ ಏಳು ಗಂಟೆ ಇಟ್ಟಿದ್ದೆ. ಸಂಜೆ ಹೊಗೆಯ ವಾಸನೆ ಬದಲಾಯಿತು. ಮಾಂಸದ್ದಲ್ಲ, ಇದ್ದಿಲಿನದ್ದೂ ಅಲ್ಲ, ಅಂಟು ಸುಟ್ಟ ಕಟುವಾಸನೆ. ಬಗ್ಗಿ ನೋಡಿದರೆ ಟೈಲ್ ಗಟ್ಟಿಯಾಗಿಯೇ ಇತ್ತು. ಮರುದಿನ ಗ್ರಿಲ್ ಎತ್ತಿ ಟೈಲ್ ಕಿತ್ತಾಗ ಅಡಿಯ ಪ್ಲೈವುಡ್‌ನಲ್ಲಿ ತಟ್ಟೆಯಷ್ಟು ಅಗಲದ ಕಪ್ಪು ವೃತ್ತ. ಬೆರಳಿನಿಂದ ಒತ್ತಿದರೆ ಮೊದಲ ಪದರ ಹಪ್ಪಳದಂತೆ ಮುರಿಯಿತು, ಎರಡನೆಯದು ಪುಡಿಯಾಯಿತು. ಒಳಗೆ ಎಷ್ಟು ದಿನದಿಂದ ಕರಕಲಾಗುತ್ತಿತ್ತೋ. ಮನೆಯಲ್ಲಿ ಮಕ್ಕಳಿದ್ದಾರೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಟೈಲ್ ಶಾಖವನ್ನು ತಡೆಯುವುದಿಲ್ಲ, ನಿಧಾನವಾಗಿ ಕೆಳಗೆ ದಾಟಿಸುತ್ತದೆ. ಮರ ಒಂದೇ ಸಲಕ್ಕೆ ಹೊತ್ತಿಕೊಳ್ಳಬೇಕೆಂದಿಲ್ಲ. ಮತ್ತೆ ಮತ್ತೆ ಗಂಟೆಗಟ್ಟಲೆ ಕಾದರೆ ಕರಕಲಾಗುತ್ತಾ ಹೋಗುತ್ತದೆ, ಕರಕಲಾದ ಮರ ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ.

ಹೊಸಬ_ನಾಗರಬಾವಿ

ಆದರೆ ಸೆರಾಮಿಕ್ ಗೋಡೆ ಶಾಖವನ್ನು ಒಳಗೇ ಹಿಡಿದಿಡುತ್ತದೆ ಎನ್ನುತ್ತಾರಲ್ಲ? ಹೊರಗೆ ಅಷ್ಟು ಬಿಸಿ ಇರುವುದಿಲ್ಲ ಎಂದು ಓದಿದ್ದೆ.

ಹೊಗೆ_ಇದ್ದಿಲು

ಕಬ್ಬಿಣದ ಗ್ರಿಲ್‌ಗೆ ಹೋಲಿಸಿದರೆ ಕಡಿಮೆ, ಅಷ್ಟೇ. ಒಳಗೆ 350 ಡಿಗ್ರಿ ಸೆಲ್ಸಿಯಸ್ ದಾಟಿಸಬಹುದು. ಕೆಂಡ ಇರುವುದೇ ಬುಡದಲ್ಲಿ. ತಯಾರಕರು ಕೊಡುವ ಕೈಪಿಡಿಗಳಲ್ಲೇ ಗ್ರಿಲ್ ಅನ್ನು ನೇರವಾಗಿ ಮರದ ಮೇಲೆ ಇಡಬಾರದು, ಪಾದಗಳ ಮೇಲೆ ಎತ್ತಿ ಗಾಳಿ ಆಡಲು ಬಿಡಬೇಕು ಎಂದು ಎಚ್ಚರಿಸಿರುತ್ತಾರೆ.

ಉಳಿ_ಸುತ್ತಿಗೆ

ಬಡಗಿ ಮನೆತನದವನಾಗಿ ಹೇಳುತ್ತಿದ್ದೇನೆ, ಮರವನ್ನು ಬೈಯುವುದು ಬೇಡ. ಮರಕ್ಕೆ ಅದರದೇ ಜಾಗವಿದೆ. ಬೆಂಕಿಯ ಭಾರ ಹೊರಲು ಮರ ಬೇಡ, ಕೈ ಊರಲು ಮರ ಇರಲಿ. ಕಬ್ಬಿಣದ ಚೌಕಟ್ಟು ಮಾಡಿಸಿ, ಗ್ರಿಲ್ ಕೂರುವಲ್ಲಿ ಕಲ್ಲಿನ ಚಪ್ಪಡಿ ಹಾಕಿಸಿ, ಕೆಲಸ ಮಾಡುವ ಪಕ್ಕಕ್ಕೆ ಮರದ ಪಟ್ಟಿಗಳನ್ನು ಜೋಡಿಸಿ. ನಾನು ಇಬ್ಬರಿಗೆ ಹಾಗೆ ಮಾಡಿಕೊಟ್ಟಿದ್ದೇನೆ.

ರಂಧ್ರದ ಬಗ್ಗೆ: ಗ್ರಿಲ್‌ನ ಹೊಟ್ಟೆ ಎಷ್ಟು ಅಗಲವಿದೆ ಎಂದು ಅಳೆದು ಹಾಕಿ. ಸುತ್ತಲೂ ಒಂದು ಅಂಗುಲ ಸಂದು ಬೇಕು.

ಬನಶಂಕರಿ_ತಾರಸಿ

ಈಗ ತಾನೆ ದಾರ ಸುತ್ತಿ ಅಳೆದೆ. ಹೊಟ್ಟೆಯ ವ್ಯಾಸ 20.5 ಅಂಗುಲ. ಪಾದಗಳ ಮೇಲೆ ಇಟ್ಟಾಗ ನೆಲದಿಂದ ಬಾಯಂಚಿಗೆ 19 ಅಂಗುಲ. ಪ್ಲೈವುಡ್ ಕೈಬಿಟ್ಟಿದ್ದೇನೆ. ಹೊಗೆ_ಇದ್ದಿಲು ಅವರೇ, ನಿಮ್ಮ ಅನುಭವ ಓದಿ ಮೈ ಜುಮ್ಮೆಂದಿತು, ಧನ್ಯವಾದ.

ಹಾಗಾದರೆ ಮೇಲ್ಭಾಗ ಪೂರ್ತಿ ಗ್ರಾನೈಟ್ ಮಾಡಿದರೆ? ಅಡುಗೆಮನೆಯ ಕಟ್ಟೆಯಂತೆ?

ಜಿಗಣಿ_ಕಲ್ಲು

ಮಾಡಬಹುದು, ಆದರೆ ಎರಡು ಮಾತು ಕೇಳಿ. ಗ್ರಾನೈಟ್ ಕಾರ್ಖಾನೆಯಲ್ಲೇ ನನ್ನ ದಿನ ಕಳೆಯುವುದು.

ಮೊದಲನೆಯದು ರಂಧ್ರ. 30 ಅಂಗುಲದ ಅಗಲದಲ್ಲಿ 22.5 ಅಂಗುಲ ಕೊರೆದರೆ ಮುಂದೆ ಹಿಂದೆ ಉಳಿಯುವುದು 3.75 ಅಂಗುಲದ ಪಟ್ಟಿ. ಒಂದೇ ಕಲ್ಲಿನಲ್ಲಿ ಹಾಗೆ ಕೊರೆದರೆ ಗಾಡಿಯಿಂದ ಇಳಿಸುವಾಗಲೇ ಆ ಜಾಗದಲ್ಲಿ ಮುರಿಯುತ್ತದೆ. ಕಲ್ಲು ಅದುಮಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಎರಡು ತುಂಡು ಮಾಡಿಸಿ, ಪ್ರತಿಯೊಂದರಲ್ಲೂ ಅರ್ಧಚಂದ್ರ. ರಂಧ್ರದ ನಡುಗೆರೆಯಲ್ಲಿ ಎರಡೂ ಸೇರಬೇಕು, ಅಡಿಯಲ್ಲಿ ಕಬ್ಬಿಣದ ಪಟ್ಟಿ ಇರಬೇಕು.

ಎರಡನೆಯದು, ಕಡಪ ಕಲ್ಲು ಹಾಕಬೇಡಿ, ಯಾರಾದರೂ ಅಗ್ಗ ಎಂದರೂ. ಅದು ಸುಣ್ಣದ ಕಲ್ಲಿನ ಜಾತಿ. ನಿಂಬೆರಸ, ಮೊಸರಿನ ಮಸಾಲೆ ಬಿದ್ದಲ್ಲೆಲ್ಲಾ ಬಿಳಿ ಕಲೆ ಕೂರುತ್ತದೆ, ಪದರ ಏಳುತ್ತದೆ.

ಗಾಂಧಿಬಜಾರ್

ನಮ್ಮ ಮನೆಯಲ್ಲಿ 40 ವರ್ಷದಿಂದ ಕಡಪ ಕಲ್ಲಿನ ಕಟ್ಟೆಯೇ ಇದೆ. ಏನೂ ಆಗಿಲ್ಲ.

ಜಿಗಣಿ_ಕಲ್ಲು

ಅದರ ಮೇಲೆ ಒಮ್ಮೆ ಅರ್ಧ ನಿಂಬೆಹಣ್ಣು ಕವುಚಿ ರಾತ್ರಿಯೆಲ್ಲಾ ಬಿಡಿ ಸರ್. ಬೆಳಿಗ್ಗೆ ನೋಡಿ ತಿಳಿಸಿ.

ಗಾಂಧಿಬಜಾರ್

ಬಿಡುವುದಿಲ್ಲ, ಅದು ನಮ್ಮ ತಾಯಿಯ ಕಟ್ಟೆ. ಆದರೆ ನೀವು ಹೇಳಿದ ಬಿಳಿ ಕಲೆ ಸಿಂಕಿನ ಪಕ್ಕದಲ್ಲಿ ಇರುವುದು ನಿಜ.

ನಿವೃತ್ತ_ಮೇಷ್ಟ್ರು

ಗ್ರಾನೈಟ್ ಬೆಂಕಿಗೆ ಜಗ್ಗುವುದಿಲ್ಲ ಎಂಬ ನಂಬಿಕೆ ಇಲ್ಲಿ ಕಾಣುತ್ತಿದೆ. ಅದು ಪೂರ್ತಿ ಸರಿಯಲ್ಲ. ನಮ್ಮ ಬೆಂಗಳೂರಿನ ಸುತ್ತಮುತ್ತ ಕಲ್ಲುಕುಟಿಗರು ಹಿಂದೆ ಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದದ್ದೇ ಬೆಂಕಿಯಿಂದ. ಬಂಡೆಯ ಮೇಲೆ ಸೌದೆ ಹರಡಿ ಉರಿ ಹಚ್ಚಿ, ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಹೋದರೆ ಬಿಸಿಯಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಟ್ಟುಕೊಳ್ಳುತ್ತಿತ್ತು. ಸುತ್ತಿಗೆಯಿಂದ ತಟ್ಟಿದಾಗ ಬರುವ ಟೊಳ್ಳು ಸದ್ದಿನಿಂದಲೇ ಎಲ್ಲಿಯವರೆಗೆ ಬಿಟ್ಟಿದೆ ಎಂದು ಹೇಳುತ್ತಿದ್ದರು. ಬಾಲ್ಯದಲ್ಲಿ ಇದನ್ನು ನೋಡಿದ್ದೇನೆ.

ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆ 573 ಡಿಗ್ರಿಯಲ್ಲಿ ರೂಪ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ. ಗ್ರಿಲ್‌ನ ತಳ ಅಲ್ಲಿಯವರೆಗೆ ಹೋಗುವುದಿಲ್ಲ, ಒಪ್ಪುತ್ತೇನೆ. ಆದರೆ ಒಂದೇ ಜಾಗ ಬಿಸಿ, ಪಕ್ಕ ತಣ್ಣಗೆ ಎನ್ನುವ ಸ್ಥಿತಿಯೇ ಕಲ್ಲಿಗೆ ಅಪಾಯ. ಕಾದ ಕಲ್ಲಿನ ಮೇಲೆ ಮೇ ತಿಂಗಳ ಆಲಿಕಲ್ಲು ಮಳೆ ಬಿದ್ದರೆ ಇನ್ನೂ ಕೆಟ್ಟದ್ದು. ಆದ್ದರಿಂದ ಕಲ್ಲಿನ ಮೇಲೆಯೂ ಗ್ರಿಲ್ ಪಾದಗಳ ಮೇಲೆಯೇ ನಿಲ್ಲಲಿ.

ಜಿಗಣಿ_ಕಲ್ಲು

ಮೇಷ್ಟ್ರೇ, ನಮ್ಮ ತಾತ ಅದೇ ಕೆಲಸ ಮಾಡುತ್ತಿದ್ದರು. ಟೊಳ್ಳು ಸದ್ದಿನ ಮಾತು ನೂರಕ್ಕೆ ನೂರು ನಿಜ. ಇಂದಿಗೂ ಚಪ್ಪಡಿ ಕೊಳ್ಳುವಾಗ ನಾಣ್ಯದಿಂದ ತಟ್ಟಿ ನೋಡಿ, ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ.

ರಾಜಾಜಿನಗರ_5ನೇ_ಬ್ಲಾಕ್

ಸಾದರಹಳ್ಳಿ ಕಲ್ಲು ಹಾಕಿ, ವಿಧಾನಸೌಧಕ್ಕೆ ಹಾಕಿದ್ದೂ ಅದೇ, ನೂರು ವರ್ಷ ಬಾಳುತ್ತದೆ.

ನಿವೃತ್ತ_ಮೇಷ್ಟ್ರು

ವಿಧಾನಸೌಧದ ಕಲ್ಲು ಮಲ್ಲಸಂದ್ರ ಮತ್ತು ಹೆಸರಘಟ್ಟದ ಕಡೆಯದು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು ಬಳಸಿದರು. 1956ರಲ್ಲಿ ಕಟ್ಟಡ ಮುಗಿಯಿತು. ಸಾದರಹಳ್ಳಿ ಕಲ್ಲು ಒಳ್ಳೆಯದೇ, ಅದಕ್ಕೆ ವಿಧಾನಸೌಧದ ಸಾಕ್ಷಿ ಬೇಕಿಲ್ಲ.

ಕಾಂಕ್ರೀಟ್_ಲೆಕ್ಕ

ಎಲ್ಲರೂ ಕಲ್ಲು ಕಲ್ಲು ಎನ್ನುತ್ತಿದ್ದೀರಿ, ಕೆಳಗಿರುವ ತಾರಸಿಯನ್ನು ಯಾರಾದರೂ ಕೇಳಿದಿರಾ? ನಾನು ಕಟ್ಟಡಗಳ ಲೆಕ್ಕ ಮಾಡುವವನು.

20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ. ರಂಧ್ರ ಕಳೆದರೆ ಮೇಲ್ಭಾಗವೇ 48 ಕಿಲೋ ದಾಟುತ್ತದೆ. ಗ್ರಿಲ್‌ನ ಅಡಿಗೆ 2 ಅಡಿ ಚೌಕದ ಕಲ್ಲು, 20 ಕಿಲೋ. 40 ಮಿಲಿಮೀಟರ್ ಚದರ ಪೈಪು, 2 ಮಿಲಿಮೀಟರ್ ದಪ್ಪದ್ದು, ಮೀಟರಿಗೆ 2.4 ಕಿಲೋ, ಈ ಮೇಜಿಗೆ 15 ಮೀಟರ್ ಬೇಕು, ಅಂದರೆ 36 ಕಿಲೋ. ಗ್ರಿಲ್ 75. ಇದ್ದಿಲು, ಪಾತ್ರೆ ಸೇರಿ ಒಟ್ಟು 200 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ನಿಮ್ಮ ಮೇಜು ನಿಲ್ಲುವ ಜಾಗ 1.16 ಚದರ ಮೀಟರ್.

ಬನಶಂಕರಿ_ತಾರಸಿ

ಅಯ್ಯೋ, ಅಂದರೆ ಮಿತಿ ಮೀರಿತೇ? ನಮ್ಮದು 1994ರಲ್ಲಿ ಕಟ್ಟಿದ ಮನೆ.

ಕಾಂಕ್ರೀಟ್_ಲೆಕ್ಕ

ಗಾಬರಿ ಬೇಡ. ಆ 150 ಎನ್ನುವುದು ಇಡೀ ತಾರಸಿಯ ಮೇಲೆ ಸಮವಾಗಿ ಹರಡಿದ ಭಾರ. ಒಂದು ಮೂಲೆಯಲ್ಲಿ 200 ಕಿಲೋ ಇಟ್ಟ ಮಾತ್ರಕ್ಕೆ ತಾರಸಿ ಕುಸಿಯುವುದಿಲ್ಲ. ನಾನು ಹೇಳಬೇಕೆಂದಿದ್ದು ಜಾಗದ ಬಗ್ಗೆ. ಕೋಣೆಯ ನಟ್ಟನಡುವಿನ ಮೇಲೆ ಇಡಬೇಡಿ. ಕೆಳಗೆ ಗೋಡೆ ಅಥವಾ ತೊಲೆ ಹಾದುಹೋಗುವ ಕಡೆ, ಪ್ಯಾರಪೆಟ್ ಪಕ್ಕದಲ್ಲಿ ಇಡಿ. ಮಳೆಗಾಲದಲ್ಲಿ ಕೆಳಗಿನ ಚಾವಣಿ ಒಸರುತ್ತಿದ್ದರೆ, ಸಿಮೆಂಟ್ ಉದುರಿ ಸರಳು ಕಾಣುತ್ತಿದ್ದರೆ, ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಇನ್ನೊಂದು ಮಾತು. ಪೈಪಿನ ಕಾಲು ನೇರ ತಾರಸಿಯ ಮೇಲೆ ನಿಂತರೆ ನೀರುತಡೆ ಪದರವನ್ನು ಕೊರೆಯುತ್ತದೆ. ಪ್ರತಿ ಕಾಲಿಗೂ 4 ಅಂಗುಲ ಚೌಕದ ಕಬ್ಬಿಣದ ಫಲಕ, ಅದರ ಅಡಿಗೆ ದಪ್ಪ ರಬ್ಬರ್ ಹಾಕಿಸಿ.

ಪೀಣ್ಯ_ಬೆಸುಗೆ

ಇಲ್ಲಿ ಚಕ್ರದ ಮಾತೂ ಬರಬೇಕು. 200 ಕಿಲೋಗೆ ನಾಲ್ಕು ಚಕ್ರ, ತಲಾ 50 ಎಂದು ಲೆಕ್ಕ ಹಾಕಿ ಕೊಳ್ಳುತ್ತಾರೆ. ತಪ್ಪು. ಸಮವಿಲ್ಲದ ನೆಲದಲ್ಲಿ ಒಂದು ಚಕ್ರ ಯಾವಾಗಲೂ ಗಾಳಿಯಲ್ಲಿರುತ್ತದೆ, ಭಾರ ಹೊರುವುದು ಮೂರೇ. ಮೂರರಿಂದ ಭಾಗಿಸಿ, ಮೇಲೆ ಸ್ವಲ್ಪ ಸೇರಿಸಿ. ತಲಾ 80 ಕಿಲೋ ತಾಳುವ, ಕನಿಷ್ಠ 4 ಅಂಗುಲದ, ಬ್ರೇಕ್ ಇರುವ ಚಕ್ರ ಬೇಕು.

ಹೊಗೆ_ಇದ್ದಿಲು

ಚಕ್ರವೇ ಬೇಡ ಎನ್ನುತ್ತೇನೆ. ತಾರಸಿಗೆ ನೀರು ಹರಿಯಲು ಇಳಿಜಾರು ಇರುತ್ತದೆ. ಕೆಂಡ ತುಂಬಿದ ಗ್ರಿಲ್ ಇಳಿಜಾರಿನಲ್ಲಿ ಚಕ್ರದ ಮೇಲೆ ನಿಂತಿರುವುದನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಪೀಣ್ಯ_ಬೆಸುಗೆ

ಬ್ರೇಕ್ ಇದೆಯಲ್ಲ! ಮಳೆ ಬಂದಾಗ ಮಾಡಿನ ಕೆಳಗೆ ತಳ್ಳಬೇಕಾದರೆ ಏನು ಮಾಡುತ್ತೀರಿ?

ಹೊಗೆ_ಇದ್ದಿಲು

ಅವರ ತಾರಸಿಯಲ್ಲಿ ಮಾಡೇ ಇಲ್ಲ ಎಂದು ಮೊದಲ ಸಾಲುಗಳಲ್ಲೇ ಬರೆದಿದ್ದಾರೆ. ಅಲ್ಲದೆ ಬಿಸಿಯಾದ ಗ್ರಿಲ್ ಅನ್ನು ಸರಿಸಲೇಬಾರದು. ಸೆರಾಮಿಕ್ ಬಿದ್ದರೆ ಮಡಕೆಯೇ, ಬೆಸುಗೆ ಹಾಕಲು ಬರುವುದಿಲ್ಲ.

ಪೀಣ್ಯ_ಬೆಸುಗೆ

ಸರಿ, ಈ ಮನೆಗೆ ಚಕ್ರ ಬೇಡ, ಒಪ್ಪಿದೆ. ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟ್ ಪಾದ ಹಾಕಿಸಿ, ರಸಮಟ್ಟ ಇಟ್ಟು ಸಮ ಮಾಡಿಕೊಳ್ಳಬಹುದು.

ಕಬ್ಬಿಣದ ಕೆಲಸದಲ್ಲಿ ಎರಡು ಕಡೆ ಕಣ್ಣಿಡಿ. ಪೈಪಿನ ಬಾಯಿಗಳನ್ನು ಮುಚ್ಚಿ ಬೆಸೆಯಲು ಹೇಳಿ, ಇಲ್ಲದಿದ್ದರೆ ನೀರು ಒಳಗೆ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬೆಸುಗೆಯ ಮೇಲಿನ ಕಿಟ್ಟವನ್ನು ಉಜ್ಜಿ ತೆಗೆದ ಮೇಲೆಯೇ ಪ್ರೈಮರ್ ಬಳಿಯಬೇಕು. ಸಂಜೆ ಗಾಡಿ ಬರುತ್ತದೆಂದು ಅವಸರದಲ್ಲಿ ಕಿಟ್ಟದ ಮೇಲೆಯೇ ರೆಡ್ ಆಕ್ಸೈಡ್ ಬಳಿದು ಕಳಿಸುವವರಿದ್ದಾರೆ. ಒಂದು ಮಳೆಗಾಲ ಸಾಕು, ಸಿಪ್ಪೆಯಂತೆ ಏಳುತ್ತದೆ. ಬೇಕಾದರೆ ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡಿಸಿ.

ಸಕಲೇಶಪುರದವಳು

ನಾನು ಬೇರೆಯದೇ ಕೇಳಬೇಕು. ಮೇಜಿನ ಎತ್ತರ ಯಾರಿಗಾಗಿ? ಇಷ್ಟು ಲೆಕ್ಕ ಬಂತು, ಅಡುಗೆ ಮಾಡುವ ಅಮ್ಮನ ಲೆಕ್ಕ ಬರಲಿಲ್ಲ. ಅವರ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆ?

ಬನಶಂಕರಿ_ತಾರಸಿ

ಅಕ್ಕ, ಒಳ್ಳೆಯ ಪ್ರಶ್ನೆ. ಅಮ್ಮ 5 ಅಡಿ ಎತ್ತರ. ಮೊಣಕೈ ಮಡಚಿಸಿ ಅಳೆದೆ, 37 ಅಂಗುಲ.

ಸಕಲೇಶಪುರದವಳು

ಹಾಗಾದರೆ ಮೇಜಿನ ಮೇಲ್ಮೈ 31 ಅಂಗುಲ ದಾಟಬಾರದು. ಸಾಮಾನ್ಯವಾಗಿ ಕಟ್ಟೆಗೆ ಮೊಣಕೈಗಿಂತ 4 ಅಂಗುಲ ಕಡಿಮೆ ಸಾಕು, ಆದರೆ ಇಲ್ಲಿ ಗ್ರಿಲ್‌ನ ಬಾಯಿ ಮೇಜಿಗಿಂತ ಮೇಲಿರುತ್ತದೆ, ಅದರ ಮೇಲೆ ಕೈ ಚಾಚಿ ತಿರುವಿಹಾಕಬೇಕು. ಬಾಯಂಚು 33ಕ್ಕೆ ಬರಲಿ. ನಿಮ್ಮ ಗ್ರಿಲ್ ಪಾದ ಸೇರಿ 19 ಅಂಗುಲ ಎಂದಿದ್ದೀರಿ, ಹಾಗಾದರೆ ಕೆಳಗಿನ ಕಲ್ಲಿನ ಮೇಲ್ಮೈ ನೆಲದಿಂದ 14 ಅಂಗುಲಕ್ಕೆ ಬರಬೇಕು. ಮುಚ್ಚಳ ಪೂರ್ತಿ ತೆರೆದಾಗ ಹಿಡಿ ಅವರ ಕೈಗೆ ಎಟುಕುತ್ತದೆಯೇ ಎಂದು ಇಟ್ಟಿಗೆ ಜೋಡಿಸಿ ಮೊದಲೇ ನೋಡಿ. ಮುಚ್ಚಳ ಹಿಂದಕ್ಕೆ ವಾಲುವಾಗ ಪ್ಯಾರಪೆಟ್‌ಗೆ ತಗಲಬಾರದು. ಬುಡದ ಕಿಂಡಿಯ ಮುಂದೆ ಚೌಕಟ್ಟಿನ ಅಡ್ಡಪಟ್ಟಿ ಬಾರದಿರಲಿ, ಬೂದಿ ಎಳೆಯುವವರಿಗೆ ಗೊತ್ತು ಅದರ ಕಷ್ಟ.

ನಮ್ಮ ಅಜ್ಜಿಯ ಮನೆಯಲ್ಲಿ ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ. ದೊಡ್ಡ ಒಲೆಯ ಉರಿ ಹಾದು ಬಂದು ಕೋಡೊಲೆಯ ಮೇಲೆ ಸಾರು ಕುದಿಯುತ್ತಿತ್ತು. ಅಜ್ಜಿ ಆ ಒಲೆಯನ್ನು ತನ್ನ ಅಳತೆಗೆ ತಾನೇ ಮೆತ್ತಿಕೊಂಡಿದ್ದರು. ಅಮ್ಮ ಮದುವೆಯಾಗಿ ಬಂದಾಗ, ಹೊಸ ಸೊಸೆ ಎತ್ತರ ಎಂದು ಅಜ್ಜಿಯೇ ಒಲೆ ಒಡೆದು ಎರಡು ಬೆರಳು ಎತ್ತರಿಸಿ ಮತ್ತೆ ಮೆತ್ತಿದರಂತೆ. ಅಮ್ಮ ಇವತ್ತಿಗೂ ಅದನ್ನು ಹೇಳುತ್ತಾರೆ.

ಬನಶಂಕರಿ_ತಾರಸಿ

ಇದನ್ನು ಅಮ್ಮನಿಗೆ ಓದಿ ಹೇಳಿದೆ. ನಿಮ್ಮ ಅಜ್ಜಿಯ ಊರು ಯಾವುದು ಎಂದು ಕೇಳುತ್ತಿದ್ದಾರೆ.

ಸಕಲೇಶಪುರದವಳು

ಹಾನಬಾಳು ಕಡೆ. ಅಮ್ಮನಿಗೆ ನಮಸ್ಕಾರ ತಿಳಿಸಿ.

ವಿಜಯನಗರ_ಮಂಜು

ಇಷ್ಟೆಲ್ಲಾ ಏಕೆ? ಪಾಟರಿ ಟೌನ್‌ಗೆ ಹೋಗಿ ಒಂದು ಮಣ್ಣಿನ ತಂದೂರು ತಂದರೆ ಆಯಿತು. ಅಮೆರಿಕದ ಮೊಟ್ಟೆಗೆ ಕಲ್ಲಿನ ಸಿಂಹಾಸನ ಬೇಕೇ?

ನಿವೃತ್ತ_ಮೇಷ್ಟ್ರು

ಮೂಲ ಅಮೆರಿಕದ್ದಲ್ಲ. ಇದರ ವರ್ಗದ ಹೆಸರು ಕಮಾಡೊ, ಜಪಾನಿ ಭಾಷೆಯಲ್ಲಿ ಒಲೆ ಎಂದೇ ಅರ್ಥ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಮಣ್ಣಿನ ಒಲೆಗಳನ್ನು ಮನೆಗೆ ಸಾಗಿಸಿದರು. ಆ ಮಣ್ಣು ಬಿರುಕು ಬಿಡುತ್ತಿತ್ತು, ಆಮೇಲೆ ಗಟ್ಟಿ ಸೆರಾಮಿಕ್ ಬಂತು. ಬಿಗ್ ಗ್ರೀನ್ ಎಗ್ ಎಂಬ ಹೆಸರಿನ ಕಂಪನಿ ಅಟ್ಲಾಂಟಾದಲ್ಲಿ ಶುರುವಾದದ್ದು 1974ರಲ್ಲಿ.

ವಿಜಯನಗರ_ಮಂಜು

ತಿಳಿಯಿತು ಮೇಷ್ಟ್ರೇ. ಆದರೂ ನಮ್ಮ ಕುಂಬಾರರ ಹೊಟ್ಟೆ ತುಂಬಲಿ ಎಂಬ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಹೊಗೆ_ಇದ್ದಿಲು

ಎರಡೂ ಬೇಕು. ತಂದೂರಿಗೆ ಬಿಗಿಯಾದ ಮುಚ್ಚಳವಿಲ್ಲ, ಸಣ್ಣ ಉರಿಯನ್ನು ಎಂಟು ಗಂಟೆ ಹಿಡಿದಿಡಲು ಆಗುವುದಿಲ್ಲ. ಇದರಲ್ಲಿ ಎರಡು ಕಿಂಡಿಗಳನ್ನು ಮುಚ್ಚಿದರೆ ಕೆಂಡ ಆರುತ್ತದೆ, ಉಳಿದ ಇದ್ದಿಲು ಮುಂದಿನ ವಾರಕ್ಕೆ ಆಗುತ್ತದೆ.

ಹೊಸಬ_ನಾಗರಬಾವಿ

ಇದ್ದಿಲು ಎಲ್ಲಿ ತರುತ್ತೀರಿ? ಸೀಮೆಎಣ್ಣೆ ಹಾಕಿ ಹಚ್ಚಬಹುದೇ?

ಹೊಗೆ_ಇದ್ದಿಲು

ಸೀಮೆಎಣ್ಣೆ ಬೇಡವೇ ಬೇಡ! ಸೆರಾಮಿಕ್ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ಹತ್ತು ಅಡುಗೆಗೂ ಅದೇ ವಾಸನೆ. ಒಣಗಿದ ತೆಂಗಿನ ನಾರು, ಎರಡು ಚಿಪ್ಪು, ಅದರ ಮೇಲೆ ಇದ್ದಿಲು. ಇಸ್ತ್ರಿ ಅಂಗಡಿಯವರು ತರುವ ಕಡೆಯಲ್ಲೇ ನಾನೂ ಮರದ ಇದ್ದಿಲು ತರುತ್ತೇನೆ. ಅಚ್ಚು ಹಾಕಿದ ಉಂಡೆ ಇದ್ದಿಲಿನಲ್ಲಿ ಬೂದಿ ಜಾಸ್ತಿ, ಬುಡದ ಕಿಂಡಿ ಕಟ್ಟಿಕೊಳ್ಳುತ್ತದೆ. ಮುಚ್ಚಳವನ್ನು ಒಮ್ಮೆಲೇ ತೆರೆಯಬೇಡಿ, ಎರಡು ಅಂಗುಲ ಎತ್ತಿ ಗಾಳಿ ಒಳಹೋಗಲು ಬಿಟ್ಟು ಆಮೇಲೆ ತೆರೆಯಿರಿ. ಇಲ್ಲದಿದ್ದರೆ ಉರಿ ಮುಖಕ್ಕೆ ಹಾರುತ್ತದೆ.

ಕಾಂಕ್ರೀಟ್_ಲೆಕ್ಕ

ಮುಚ್ಚಿದ ಬಾಲ್ಕನಿಯಲ್ಲೂ ಬೇಡ ಎಂದು ಸೇರಿಸಿ. ಇದ್ದಿಲಿನ ಹೊಗೆ ಕಣ್ಣಿಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.

ಉಳಿ_ಸುತ್ತಿಗೆ

ಮತ್ತೆ ಮರಕ್ಕೆ ಬರೋಣ. ಮರ ಯಾವುದು?

ಬನಶಂಕರಿ_ತಾರಸಿ

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಹೋಗಿದ್ದೆ. ತೇಗ, ಹೊನ್ನೆ, ಸಿಲ್ವರ್ ಓಕ್ ತೋರಿಸಿದರು. ಹೊನ್ನೆಯ ಬಣ್ಣ ನೋಡಿ ಮನಸ್ಸು ಅಲ್ಲೇ ನಿಂತಿತು.

ಉಳಿ_ಸುತ್ತಿಗೆ

ಹೊನ್ನೆ ಗಟ್ಟಿ, ಚೆಂದ. ಆದರೆ ನೀರು ಬಿದ್ದರೆ ಬಣ್ಣ ಬಿಡುತ್ತದೆ. ಅದರ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರನ್ನು ನೋಡಿದ್ದೀರಲ್ಲ, ಆ ಕಂದು ಬಣ್ಣವೇ ನಿಮ್ಮ ಕಲ್ಲಿನ ಮೇಲೆ, ತಾರಸಿಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಒಳಗಿನ ಬಾಗಿಲಿಗೆ ಇಟ್ಟುಕೊಳ್ಳಿ. ಸಿಲ್ವರ್ ಓಕ್ ಮನೆಯೊಳಗಿನ ಮರ, ಮಳೆಗೆ ಬಾಳುವುದಿಲ್ಲ. ತೇಗ ಅಥವಾ ಹೆಬ್ಬಲಸು. ಹೆಬ್ಬಲಸಿನಲ್ಲಿ ದೋಣಿ ಕಟ್ಟುತ್ತಾರೆ, ನೀರಿಗೆ ಹೆದರುವ ಮರವಲ್ಲ.

ಬಿಳಿಯ ಅಂಚು ಇರುವ ತುಂಡು ತೆಗೆದುಕೊಳ್ಳಬೇಡಿ, ಗೆದ್ದಲು ಮೊದಲು ಹುಡುಕುವುದು ಅದನ್ನೇ. ಘನ ಅಡಿಯ ಲೆಕ್ಕ ನೀವೇ ಹಾಕಿ: ಉದ್ದ ಅಡಿಗಳಲ್ಲಿ, ಅಗಲ ಮತ್ತು ದಪ್ಪ ಅಂಗುಲಗಳಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಕೀಸುಳಿ ಹೊಡೆದಾಗ ದಪ್ಪ ಕಡಿಮೆಯಾಗುತ್ತದೆ, ಆದ್ದರಿಂದ 1.25 ಬೇಕಿದ್ದರೆ 1.5 ಅಂಗುಲದ್ದನ್ನು ಕೊಯ್ಯಿಸಿ.

ಪಟ್ಟಿಗಳ ನಡುವೆ 5 ಮಿಲಿಮೀಟರ್ ಸಂದು ಬಿಡಿ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ. ಕಬ್ಬಿಣಕ್ಕೆ ಬಿಗಿಯುವ ಸ್ಕ್ರೂ ರಂಧ್ರವನ್ನು ಗುಂಡಗೆ ಮಾಡಿಸದೆ ಉದ್ದುದ್ದ ಮಾಡಿಸಿ, ಮರಕ್ಕೆ ಸರಿದಾಡಲು ಜಾಗವಿರಲಿ. ಇಲ್ಲದಿದ್ದರೆ ಸ್ಕ್ರೂ ಗಟ್ಟಿಯಾಗಿ ನಿಲ್ಲುತ್ತದೆ, ಮರ ಸೀಳುತ್ತದೆ.

ರಾಜಾಜಿನಗರ_5ನೇ_ಬ್ಲಾಕ್

ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಗೆದ್ದಲು ಹತ್ತಿರ ಸುಳಿಯುವುದಿಲ್ಲ.

ಉಳಿ_ಸುತ್ತಿಗೆ

ದೋಣಿಗೆ, ಜಂತೆಗೆ ಸರಿ. ಊಟದ ಪದಾರ್ಥ ಇಡುವ ಮೇಜಿಗೆ ಬೇಡ, ಚರ್ಮ ಸುಡುವ ಎಣ್ಣೆ ಅದು. ಕಾಯಿಸಿದ ಅಗಸೆ ಎಣ್ಣೆ ತೆಳ್ಳಗೆ ಮೂರು ಸಲ ಸಾಕು, ವರ್ಷಕ್ಕೊಮ್ಮೆ ಮತ್ತೆ ಒರೆಸಿ. ಹೊಳಪಿನ ಪಾಲಿಶ್ ಬಿಸಿಲಿಗೆ ಸಿಪ್ಪೆ ಏಳುತ್ತದೆ.

ಒಂದು ಎಚ್ಚರಿಕೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಶಾಖ ಕೂಡಿಕೊಂಡು ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ನಮ್ಮ ತಂದೆಯ ಕಾರ್ಯಾಗಾರದಲ್ಲಿ ರಾತ್ರಿ ಹೊತ್ತಿಕೊಂಡದ್ದು ಹೀಗೆಯೇ. ಮರದ ಹೊಟ್ಟಿನ ಚೀಲದ ಪಕ್ಕದಲ್ಲಿತ್ತು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಿಡಿಸಿ ಹರಡಿ ಒಣಗಿಸಿ.

ಗಾಂಧಿಬಜಾರ್

ಇದು ನನಗೆ ಗೊತ್ತೇ ಇರಲಿಲ್ಲ. ಕಳೆದ ತಿಂಗಳಷ್ಟೇ ತೂಗುಮಂಚಕ್ಕೆ ಬಳಿದು ಬಟ್ಟೆಯನ್ನು ಮೆಟ್ಟಿಲ ಕೆಳಗೆ ಹಾಕಿದ್ದೆ. ಈಗಲೇ ಹೋಗಿ ತೆಗೆಯುತ್ತೇನೆ.

ಬನಶಂಕರಿ_ತಾರಸಿ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಜು ನಿಂತಿದೆ!

ಗ್ರಿಲ್ ಇರುವ 3 ಅಡಿಗೆ ಸಾದರಹಳ್ಳಿ ಕಲ್ಲು, ಎರಡು ತುಂಡು, ಅರ್ಧಚಂದ್ರಗಳು ಸೇರುವಲ್ಲಿ ಅಡಿಗೆ ಕಬ್ಬಿಣದ ಪಟ್ಟಿ. ಉಳಿದ 2 ಅಡಿಗೆ ಹೆಬ್ಬಲಸಿನ ಪಟ್ಟಿಗಳು. ಪೂರ್ತಿ ಕಲ್ಲು ಹಾಕಿದ್ದಕ್ಕಿಂತ ಸುಮಾರು 15 ಕಿಲೋ ಉಳಿಯಿತು. ಕೆಳಗೆ 2 ಅಡಿ ಚೌಕದ ಕಲ್ಲು, ಅದರ ಮೇಲೆ ಗ್ರಿಲ್ ಮೂರು ಪಾದಗಳ ಮೇಲೆ. ಚಕ್ರವಿಲ್ಲ. ಕೆಳಗಿನ ಮನೆಯ ಗೋಡೆ ಹಾದುಹೋಗುವ ಗೆರೆಯ ಮೇಲೆಯೇ ನಿಲ್ಲಿಸಿದ್ದೇವೆ.

ಒಂದು ತಪ್ಪಾಯಿತು. ವೆಲ್ಡಿಂಗ್ ಅಂಗಡಿಯವರು ಬುಡದ ಕಿಂಡಿಯ ಮುಂದೆಯೇ ಅಡ್ಡಪಟ್ಟಿ ಹಾಕಿ ಕಳಿಸಿದರು. ನಕ್ಷೆಯಲ್ಲಿ ನಾನು ಕಿಂಡಿಯನ್ನು ಗುರುತಿಸಿರಲಿಲ್ಲ. ವಾಪಸ್ ಒಯ್ದು ಕತ್ತರಿಸಿ 6 ಅಂಗುಲ ಕೆಳಗೆ ಬೆಸೆಸಬೇಕಾಯಿತು.

ನಿನ್ನೆ ಮೂರು ಗಂಟೆ ಸತತವಾಗಿ ಉರಿಸಿದೆವು. ಕೆಳಗಿನ ಕಲ್ಲನ್ನು ಮುಟ್ಟಿ ನೋಡಿದೆ. ಗ್ರಿಲ್‌ನ ನೇರ ಅಡಿಯಲ್ಲಿ ಹತ್ತು ಎಣಿಸುವವರೆಗೆ ಕೈ ಇಡಬಹುದು, ಅಂಚಿನಲ್ಲಿ ತಣ್ಣಗಿದೆ. ಮರದ ಪಟ್ಟಿಗೆ ತಟ್ಟಿದ್ದು ಬಿಸಿಲಿನ ಕಾವು ಮಾತ್ರ. ಅಮ್ಮ ನಾಲ್ಕು ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ ಕೆಂಡದ ಮೇಲಿಟ್ಟರು. ಸಿಪ್ಪೆ ಕಪ್ಪಾಗಿ ಬಿರಿದು, ತೊಟ್ಟಿನ ಬಳಿ ರಸ ಗುಳ್ಳೆಯಾಗಿ ಸಿಡಿಯುತ್ತಿತ್ತು. ಬಗ್ಗದೆ, ನೆಟ್ಟಗೆ ನಿಂತೇ ಇಕ್ಕಳದಿಂದ ತಿರುವಿದರು. ಸುಟ್ಟ ಗೊಜ್ಜಿನ ಬಟ್ಟಲನ್ನು ಹೆಬ್ಬಲಸಿನ ಮೇಲಿಟ್ಟು, "ಎತ್ತರ ಸರಿಯಾಗಿದೆ ಕಣೋ" ಎಂದರು.

ಸಕಲೇಶಪುರದವಳು

ಓದಿ ತುಂಬಾ ಸಂತೋಷವಾಯಿತು. ಗೊಜ್ಜಿಗೆ ಹಸಿಮೆಣಸನ್ನೂ ಕೆಂಡದಲ್ಲೇ ಸುಟ್ಟರೇ?

ಬನಶಂಕರಿ_ತಾರಸಿ

ಹೌದಕ್ಕ, ಜೊತೆಗೆ ಒಂದು ಗಡ್ಡೆ ಬೆಳ್ಳುಳ್ಳಿಯನ್ನೂ.

ಹೊಗೆ_ಇದ್ದಿಲು

ಮಳೆಗಾಲದಲ್ಲಿ ಕಿಂಡಿಗಳನ್ನು ಪೂರ್ತಿ ಮುಚ್ಚಿ ವಾರಗಟ್ಟಲೆ ಬಿಡಬೇಡಿ, ಒಳಗೆ ಬೂಷ್ಟು ಹಿಡಿಯುತ್ತದೆ. ಬುಡದ ಕಿಂಡಿ ಸ್ವಲ್ಪ ತೆರೆದಿರಲಿ, ನೆತ್ತಿಗೆ ಮಳೆಯ ಟೋಪಿ ಹಾಕಿ. ಬೂಷ್ಟು ಬಂದರೆ ಖಾಲಿಯಾಗಿ ಜೋರು ಉರಿ ಹಚ್ಚಿ ಒಂದು ಗಂಟೆ ಸುಟ್ಟುಬಿಡಿ.

ಹೊಸಬ_ನಾಗರಬಾವಿ

ಸರ್, ನಾನೂ ಇದೇ ಮಾದರಿ ಮಾಡಿಸಬೇಕೆಂದಿದ್ದೇನೆ. ಬಂದು ಅಳತೆ ತೆಗೆದುಕೊಳ್ಳಬಹುದೇ?

ಬನಶಂಕರಿ_ತಾರಸಿ

ಧಾರಾಳವಾಗಿ ಬನ್ನಿ. ಭಾನುವಾರ ಸಂಜೆ 5 ಗಂಟೆಗೆ ಇದ್ದಿಲು ಹಚ್ಚುತ್ತೇವೆ, ಅದಕ್ಕಿಂತ ಮೊದಲು ಬಂದರೆ ಗ್ರಿಲ್‌ನ ತಳವನ್ನೂ ಮುಟ್ಟಿ ಅಳೆಯಬಹುದು. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ, ಅವರ ಮೊಣಕೈಯ ಅಳತೆ ಬೇಕಾಗುತ್ತದೆ.